ಆಮೆನ್ ಆದ ಮೇಲೆ

ಲಿವರು ಹ್ಯಾಂಡಲಿಗೆ ಹೋಗಿ ತಾಗಿತು, ಬ್ರೇಕು ಹಿಡಿಯಲಿಲ್ಲ. ತಮತೋವಾ ಮತ್ತೊಮ್ಮೆ ಒತ್ತಿದ. ಎತ್ತಿ ನಿಲ್ಲಿಸಿದ್ದ ಬೈಕಿನ ಮುಂದಿನ ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಹಿಂದಿನ ಬ್ರೇಕು ಮೊದಲಿನಿಂದಲೂ ಹೆಸರಿಗಷ್ಟೇ.

ಅಡ್ಡ ಬಂದ ಹಂದಿಗೆ ಗುದ್ದಿ ಬಿದ್ದ ಮೇಲೆ ಗಾಡಿ ತಿಂಗಳುಗಟ್ಟಲೆ ರಿಪೇರಿಗೆಂದು ರೊಂಗೊನ ಈ ಶೆಡ್ಡಿನಲ್ಲಿತ್ತು. ಚಕ್ರದ ಕಡ್ಡಿಗಳಿಗೆ ಹಂದಿಯ ಕೂದಲು ಇನ್ನೂ ಅಂಟಿಕೊಂಡಿತ್ತು, ಒಣಗಿದ ರಕ್ತದ ಸಮೇತ. ಒರೆಸಿಯೂ ಇಲ್ಲ.

ಬ್ರೇಕು ಹಿಡೀತಿಲ್ಲ, ಮತ್ತೆ ಬಿಚ್ಚು. ಹೇಳಬೇಕಾದದ್ದು ಇಷ್ಟೇ. ಆಕ್ಲೆಂಡಿನಲ್ಲಿ ಪಾಠ ಹೇಳುತ್ತಿದ್ದಾಗ ಯಾವ ಮೆಕ್ಯಾನಿಕ್ಕಿಗಾದರೂ ಹೇಳಿಬಿಡುತ್ತಿದ್ದ. ಆದರೆ ಅಲ್ಲಿನ ಮೆಕ್ಯಾನಿಕ್ಕು ಹೆಂಡತಿಯ ಸೋದರಮಾವನಾಗಿರಲಿಲ್ಲ. ರಾರೊಟೊಂಗಾದಂಥ ಈ ಪುಟ್ಟ ದ್ವೀಪದಲ್ಲಿ ಎಲ್ಲರೂ ಯಾರಿಗಾದರೂ ಮಾವ.

“ಏನ್ ಮೇಷ್ಟ್ರೇ, ಪರೀಕ್ಷೆ ಪೇಪರ್ ತಿದ್ದೋ ಹಂಗೆ ನೋಡ್ತಿದೀಯಲ್ಲ!” ರೊಂಗೊ ಎಣ್ಣೆ ಮೆತ್ತಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡ.

“ಮಾಮ, ಬ್ರೇಕು...”

“ಮೊದ್ಲು ಊಟ. ಬಿಸಿಗಲ್ಲಿನ ಹೊಂಡದಲ್ಲಿ ಹೂತು ಬೇಯಿಸಿದ ಹಂದಿ. ನೀನು ಗುದ್ದಿದ್ಯಲ್ಲ, ಅದೂ ರುಚಿಯಾಗೇ ಇತ್ತು ಕಣಯ್ಯಾ. ನಿಂಗೊಂದು ತುಂಡು ಕಳ್ಸೋದೇ ಮರ್ತೋಯ್ತು.”

ಮೆಟ್ಟಿಲ ಮೇಲೆ ಮಗಳು ಕುರಾ ಕೂತಿದ್ದಳು. ಅಂದು ಅವಳೂ ಬಿದ್ದಿದ್ದಳು. ಗಲ್ಲದ ಮೇಲೆ ಹೊಲಿಗೆಯ ಗುರುತಿತ್ತು. ಆಮೇಲೆ ಯಾರ ಬೈಕನ್ನೂ ಹತ್ತಿರಲಿಲ್ಲ. ಅಪ್ಪ ಸರಿಯಾಗಿದೆ ಅಂದರೆ ಮಾತ್ರ ಹತ್ತುತ್ತೇನೆ ಎಂದು ಬಂದಿದ್ದಳು.

ರೊಂಗೊನ ಹೆಂಡತಿ, ಅತ್ತೆ, ತಟ್ಟೆಗಳನ್ನು ತಂದಿಟ್ಟಳು. ಎಲ್ಲರೂ ಕಣ್ಣು ಮುಚ್ಚಿದರು. ರೊಂಗೊ ಚರ್ಚಿನ ಹಿರಿಯ, ಅವನ ಪ್ರಾರ್ಥನೆಗೆ ಅವಸರವಿಲ್ಲ. ಅನ್ನಕ್ಕೆ ಸ್ತೋತ್ರವಾಯಿತು, ಸಮುದ್ರಕ್ಕಾಯಿತು.

“ಈ ಅಪ್ಪ ಮಗಳನ್ನ ಉಳಿಸ್ಕೊಟ್ಟೆ ಸ್ವಾಮಿ. ಅವರ ಗಾಡೀನ ನನ್ನ ಈ ಕೈಯಿಂದ್ಲೇ ಸರಿ ಮಾಡಿಸ್ದೆ. ನಿಂಗೆ ಸ್ತೋತ್ರ.”

“ಆಮೆನ್,” ಎಂದಳು ಅತ್ತೆ. “ಆಮೆನ್,” ಎಂದಳು ಕುರಾ.

ಯಾರೂ ಕಣ್ಣು ತೆರೆಯಲಿಲ್ಲ. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ದೇವರೂ ಕಾಯುತ್ತಿದ್ದಿರಬೇಕು.

“ಆಮೆನ್,” ಎಂದ ತಮತೋವಾ.

ಅಷ್ಟಕ್ಕೆ ಬೈಕು ರಿಪೇರಿಯಾಯಿತು.

ರೊಂಗೊ ಕೊಬ್ಬಿನ ತುಂಡೊಂದನ್ನು ಅದೇ ಕೈಯಿಂದ ಕಿತ್ತು ಅವನ ತಟ್ಟೆಗೆ ಹಾಕಿದ. ಬಿಳಿಯ ಕೊಬ್ಬಿನ ಮೇಲೆ ಹೆಬ್ಬೆರಳಿನ ಕಪ್ಪು ಮುದ್ರೆ ಬಿದ್ದಿತ್ತು. ತಮತೋವಾ ಅದನ್ನು ತಿಂದ. ಪೆಟ್ರೋಲಿನ ವಾಸನೆ ಮೂಗಿಗೇರಿತು. ನುಂಗಿದ. ಒಳಗೆ ಇಳಿದದ್ದು ಮಾಂಸವಲ್ಲ, ಹೇಳಬೇಕಾಗಿದ್ದ ಆ ಮಾತು ಅನ್ನಿಸಿತು. ಅಸಹ್ಯ ರೊಂಗೊನ ಮೇಲಿತ್ತೋ, ಇಷ್ಟು ಸಲೀಸಾಗಿ ನುಂಗಿದ ತನ್ನ ಗಂಟಲಿನ ಮೇಲೋ.

“ಇನ್ನೊಂದ್ ತುಂಡು?”

“ಹಾಕಿ ಮಾಮ.”

ಹೊರಡುವಾಗ ಕುರಾ ಬೈಕಿನ ಪಕ್ಕದಲ್ಲೇ ನಿಂತಳು.

“ಸರಿಯಾಗಿದ್ಯಾ ಅಪ್ಪ?”

“ತಾತ ಪ್ರಾರ್ಥನೆ ಮಾಡಿದ್ರಲ್ಲ.”

“ನೀನ್ ಹೇಳು.”

ಬಾಗಿಲಲ್ಲಿ ರೊಂಗೊ, ಅತ್ತೆ ಇಬ್ಬರೂ ನಗುತ್ತ ನಿಂತಿದ್ದರು.

“ಹತ್ತು, ಹೊತ್ತಾಯ್ತು.”

ಅವಳು ಹತ್ತಿದಳು. ಎರಡೂ ಕೈಗಳಿಂದ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ನಿಧಾನವಾಗಿ ಹೋದರಾಯಿತು ಅಂದುಕೊಂಡಿದ್ದ. ಇಳಿಜಾರಿಗೆ ಅದು ಗೊತ್ತಿರಲಿಲ್ಲ. ಲಿವರನ್ನು ಹಿಂಡಿದ, ಏನೂ ಆಗಲಿಲ್ಲ. ಮತ್ತೆ ಹಿಂಡಿದ. ಚಪ್ಪಲಿಗಳನ್ನು ನೆಲಕ್ಕೆ ಒತ್ತಿದ. ಕೆಳಗೆ, ಸಮುದ್ರದ ರಸ್ತೆ ಸೇರುವಲ್ಲಿ, ಜಗಲಿಯ ಮೇಲಿದ್ದ ಮುದುಕಿಯೊಬ್ಬಳು ಅವರನ್ನು ಕಂಡು ನಗುತ್ತ ಕೈಯೆತ್ತಿದಳು. ಅವಳೂ ಯಾರದೋ ಅತ್ತೆ.

ತಮತೋವಾನ ಬಲಗೈ ಲಿವರನ್ನು ಬಿಟ್ಟು ತಾನಾಗಿ ಮೇಲೆದ್ದಿತು. ಮುಖ ತಾನಾಗಿ ನಕ್ಕಿತು. ಕನ್ನಡಿಯಲ್ಲಿ ನೋಡಿದ: ಹಿಂದೆ, ಅವನ ಅಂಗಿಯನ್ನು ಬಿಟ್ಟು, ಕುರಾಳ ಪುಟ್ಟ ಕೈಗಳೂ ಮುದುಕಿಯತ್ತ ಗಾಳಿಯಲ್ಲಿ ಆಡುತ್ತಿದ್ದವು.