ಮೂರು ಏಟು ಬಾಕಿ

ಪಶ್ಚಿಮ ಆಫ್ರಿಕಾದ, ದನ ಕಾಯುವ ಫುಲಾನಿ ಜನರಲ್ಲಿ ಗಂಡಿನ ಮುಖ ನೋಡುವುದು ಆಮೇಲೆ, ಮೊದಲು ಬೆನ್ನು. ಯೆರೊನ ಮೂವರು ಅಣ್ಣಂದಿರೂ ಬಿಸಿಲಿರಲಿ, ಚಳಿಯಿರಲಿ, ಅಂಗಿ ತೊಡುವವರಲ್ಲ. ಬೆನ್ನ ಮೇಲಿನ ಬಾಸುಂಡೆ ಗುರುತು ನಾಲ್ಕು ಜನ ನೋಡಬೇಡವೇ? ಯೆರೊ ಮಾತ್ರ ಇಪ್ಪತ್ತು ದಾಟಿದರೂ ಕುತ್ತಿಗೆಯವರೆಗೆ ಬಟ್ಟೆ ಸುತ್ತಿಕೊಂಡೇ ತಿರುಗುತ್ತಿದ್ದ. ಕೊನೆಗೆ ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಅಣ್ಣಂದಿರೇ ಅವನನ್ನು ಸಂತೆಮಾಳಕ್ಕೆ ಎಳೆದೊಯ್ದು ನಿಲ್ಲಿಸಿದರು. ಚಾಟಿ ಹಿಡಿದು ಬಂದವನು ಪಕ್ಕದ ಹಟ್ಟಿಯ ಡೆಮ್ಮೊ.

ಗಂಡಸು ಎನಿಸಿಕೊಳ್ಳಬೇಕಾದರೆ ಕೈಯಲ್ಲೊಂದು ಕನ್ನಡಿ ಹಿಡಿದು, ತನ್ನ ಮುಖ ತಾನೇ ನೋಡಿಕೊಳ್ಳುತ್ತ, ನಗುನಗುತ್ತ ಮೂರು ಏಟು ತಿನ್ನಬೇಕು. ಹುಬ್ಬು ಗಂಟಿಕ್ಕಿದರೂ ಮಾನ ಹೋಯಿತು. ಯೆರೊ ಕದಲಲಿಲ್ಲ. ಕದಲುವುದಾದರೂ ಹೇಗೆ? ಹೆದರಿಕೆಗೆ ಮಂಡಿ ಸೆಟೆದುಕೊಂಡಿತ್ತು. ‘ಅಯ್ಯೋ ಅಮ್ಮಾ’ ಎನ್ನಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಆ ತೆರೆದ ಬಾಯನ್ನು ಜನ ನಗು ಎಂದುಕೊಂಡು ಕುಣಿದಾಡಿದರು. ಹಿರಿಯಣ್ಣ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ.

ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ತಿಂದ ಏಟನ್ನು ಮರುವರ್ಷ ಅದೇ ಮಾಳದಲ್ಲಿ, ಅದೇ ಕಸುವಿನಲ್ಲಿ ಹಿಂದಿರುಗಿಸಬೇಕು. ಹಿಂದಿರುಗಿಸದವನು ಅರ್ಧ ಗಂಡು. ಯೆರೊ ಮೆಚ್ಚಿದ್ದ ಹುಡುಗಿ ಪೆಂಡಾ; ಅರ್ಧ ಗಂಡಿಗೆ ಮಗಳನ್ನು ಕೊಡುವುದಿಲ್ಲವೆಂದು ಅವಳಪ್ಪ ಖಡಾಖಂಡಿತವಾಗಿ ಹೇಳಿದ್ದ. ಯೆರೊನೋ, ಹೊಲಕ್ಕೆ ನುಗ್ಗಿದ ಕರುವಿನ ಮೇಲೂ ಕೈ ಎತ್ತಿದವನಲ್ಲ. ಹುತ್ತದ ಮೇಲೆ ಚಾಟಿ ಬೀಸಿ ಅಭ್ಯಾಸ ಮಾಡಿದ. ಹುತ್ತಕ್ಕೇನೋ ಚೆನ್ನಾಗಿಯೇ ಬಿತ್ತು.

“ಬರೀ ಮೂರೇಟು ಕಣೋ,” ಎಂದಳು ಪೆಂಡಾ, ಬಾವಿಯ ಹತ್ತಿರ ಸಿಕ್ಕಾಗ. “ನಾನು ದಿನಾ ಸಜ್ಜೆ ಕುಟ್ತಾ ಮುನ್ನೂರೇಟು ಹಾಕ್ತೀನಿ. ನಿಂಗೇನ್ ಬಂದಿರೋದು?”

“ಸಜ್ಜೆಗೆ ನೋವಾಗಲ್ಲ ಪೆಂಡಾ.”

“ಹೌದಪ್ಪಾ, ಹೀಗೇ ಕನಿಕರ ಪಡ್ತಾ ಕೂತ್ಕೋ. ನನ್ನ ಮದುವೆ ಊಟಕ್ಕೆ ಮರೀದೆ ಬಾ.”

ಅತ್ತ ಡೆಮ್ಮೊನ ಪಾಡೂ ಏನೂ ಸುಖವಾಗಿರಲಿಲ್ಲ. ಸುಗ್ಗಿ ಹತ್ತಿರವಾದಂತೆ ಅವನು ವಾರಕ್ಕೊಮ್ಮೆ ಬೆಣ್ಣೆ ತುಂಬಿದ ಸೋರೆಬುರುಡೆ ಹಿಡಿದು ಯೆರೊನ ಹಟ್ಟಿಗೆ ಬರತೊಡಗಿದ.

“ತೋಳು ಹೇಗಿದೆ ಯೆರೊ? ನೋವು ಗೀವು ಏನಾದ್ರೂ? ಇದ್ರೆ ಸಂಕೋಚ ಬೇಡ, ಮುಂದಿನ ವರ್ಷಕ್ಕೆ ಹಾಕೋಣ.”

“ಸ್ವಲ್ಪ ಸೆಳೆತ ಇದೆ ಅನ್ಸತ್ತೆ,” ಎಂದ ಯೆರೊ, ಆಸೆಯಿಂದ.

“ಸೆಳೆತಾನೂ ಇಲ್ಲ, ಮಣ್ಣೂ ಇಲ್ಲ!” ಗುಡಿಸಲೊಳಗಿಂದ ಹಿರಿಯಣ್ಣ ಗುಡುಗಿದ. “ಬೆಣ್ಣೆ ಇಟ್ಟು ಹೊರಡು.”

ಆ ದಿನ ಬಂದೇಬಿಟ್ಟಿತು. ಡೋಲು ಬಡಿಯುತ್ತಿತ್ತು. ಡೆಮ್ಮೊ ಎರಡೂ ಕೈ ಎತ್ತಿ, ಒಂದರಲ್ಲಿ ಕನ್ನಡಿ ಹಿಡಿದು ನಿಂತು, “ಬಾರೋ, ಬೆನ್ನು ಕೆರೀತಿದೆ!” ಎಂದು ಕೂಗಿದ. ಹಾಗೆ ಕೂಗಲೇಬೇಕು, ಪದ್ಧತಿ. ಆದರೆ ಅವನ ಕಣ್ಣು ಕನ್ನಡಿ ಬಿಟ್ಟು ಚಾಟಿಯತ್ತಲೇ ಜಾರುವುದು ಯೆರೊನಿಗೆ ಕಾಣುತ್ತಿತ್ತು. ಚಾಟಿ ಬಿಸಾಕಿ ಓಡಿಹೋಗೋಣವೆನ್ನಿಸಿತು. ಓಡಿದರೆ ಪೆಂಡಾ ಕೈತಪ್ಪುತ್ತಾಳೆ. ಅದಿರಲಿ, ಗುರುತಿಲ್ಲದ ಬೆನ್ನು ಹೊತ್ತುಕೊಂಡು ಈ ಡೆಮ್ಮೊ ಯಾರ ಮನೆಗೆ ಹೆಣ್ಣು ಕೇಳಲು ಹೋದಾನು?

ಯೆರೊ ಕಣ್ಣು ಮುಚ್ಚಿ ಬೀಸಿದ. ಒಂದು. ಡೆಮ್ಮೊ ನಕ್ಕ. ಎರಡು. ಡೆಮ್ಮೊ ಇನ್ನೂ ಜೋರಾಗಿ ನಕ್ಕ. ಮೂರನೆಯದು ಬಿದ್ದಾಗ ಯೆರೊ ಚಾಟಿ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟ. ಡೋಲು ನಿಂತಿತು.

“ಅತ್ತ! ಗಂಡಸಾಗಿ ಅತ್ತ!” ಪೆಂಡಾಳ ಅಪ್ಪ ಎದ್ದು ನಿಂತ. “ಸಂಬಂಧ ಮುರೀತು!”

“ಅಪ್ಪಾ, ಏಟು ಸರಿಯಾಗೇ ಬಿತ್ತಲ್ಲ!” ಹೆಂಗಸರ ಗುಂಪಿನಿಂದ ಪೆಂಡಾ ಕಿರುಚಿದಳು.

ಹಟ್ಟಿಯ ಮುಖಂಡ ಗಿಡಾಡೊ ಹಿರಿಯರನ್ನು ಮರದಡಿಗೆ ಕರೆದೊಯ್ದ. ಅವರು ಕೋಲಾ ಬೀಜ ಅಗಿಯುತ್ತ ತಲೆ ಕೆರೆದುಕೊಂಡರು. ಇಂಥದ್ದು ಹಿಂದೆಂದೂ ಆಗಿರಲಿಲ್ಲ. ತೀರ್ಮಾನವಾಗುವ ತನಕ ಡೆಮ್ಮೊ ಕೈ ಇಳಿಸುವಂತಿಲ್ಲ, ನಗು ಇಳಿಸುವಂತೆಯೂ ಇಲ್ಲ. ಪಾಪ, ಬೆನ್ನು ಉರಿಯುತ್ತಿದ್ದರೂ ಹಲ್ಲು ಕಿರಿದುಕೊಂಡೇ ನಿಂತಿದ್ದ.

ಬಹಳ ಹೊತ್ತಾದ ಮೇಲೆ ಗಿಡಾಡೊ ಬಂದು ಗಂಟಲು ಸರಿಮಾಡಿಕೊಂಡ. “ಹೊಡೆಸ್ಕೊಂಡೋನು ಅಳಬಾರದು ಅಂತ ನಮ್ಮ ಹಿರೀಕರು ಹೇಳವ್ರೆ. ಹೊಡೆದೋನ ವಿಚಾರ ಅವರೂ ಹೇಳಿಲ್ಲ, ನಮಗೂ ತೋಚ್ತಿಲ್ಲ. ಏಟು ಮೂರೂ ಗಟ್ಟಿ. ಇಬ್ರೂ ಗಂಡಸ್ರೇ. ಹೆಣ್ಣು ಕೊಡ್ರಪ್ಪಾ, ಹೊಟ್ಟೆ ಹಸೀತಿದೆ.”

ಜನ ಹೋ ಎಂದರು. ಹಿರಿಯಣ್ಣ ಓಡಿ ಬಂದು, “ಸಾಕು ಮುಖ ಒರೆಸ್ಕೊಳ್ಳೋ, ಗೆದ್ದಿದೀಯ!” ಎಂದು ಗದರಿದ. ಯೆರೊ ಮೂಗೊರೆಸಿಕೊಂಡು, ಪದ್ಧತಿಯಂತೆ ಡೆಮ್ಮೊನನ್ನು ತಬ್ಬಿಕೊಂಡ. ಜನರ ಕಡೆಗೆ ಹಲ್ಲು ಕಿರಿಯುತ್ತಲೇ ಡೆಮ್ಮೊ ಅವನ ಕಿವಿಯಲ್ಲಿ ಉಸುರಿದ:

“ನಿಲ್ಲಿಸ್ಬೇಡ ಕಣೋ, ನಿನ್ನ ದಮ್ಮಯ್ಯ. ಪ್ರಾಣ ಹೋಗ್ತಿದೆ, ಇಲ್ಲಿ ನಾನು ಅಳೋ ಹಾಗಿಲ್ಲ. ನನ್ನ ಪಾಲಿಂದೂ ನೀನೇ ಅತ್ತುಬಿಡು.”

ಯೆರೊ ಅವನನ್ನು ಬಿಗಿಯಾಗಿ ಹಿಡಿದುಕೊಂಡು, ಅಣ್ಣಂದಿರೆಲ್ಲ ನೋಡುತ್ತಿರುವಂತೆಯೇ, ಮತ್ತೆ ಬಾಯಿಬಿಟ್ಟು ಅಳತೊಡಗಿದ.