ಕತ್ತಲಿನ ಕಡೆಯ ಕಣ್ಣು

ಆ ವರ್ಷ ನವೆಂಬರ್ ಬಂದರೂ ಹಡ್ಸನ್ ಕೊಲ್ಲಿಯ ದಡದ ನಮ್ಮ ಚರ್ಚಿಲ್ ಊರಿನ ಸುತ್ತ ಕೆರೆಗಳು ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ನಮ್ಮ ಸಂಶೋಧನಾ ತಂಡದ ಬಲೂನು ಮೂವತ್ತು ಕಿಲೋಮೀಟರ್ ಮೇಲೇರಿ, ರಾತ್ರಿಯ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕಿನಿಂದ ಸುರಿಯುವ ಎಕ್ಸ್ ಕಿರಣಗಳನ್ನು ಎಣಿಸಿ, ಅಂಥದೊಂದು ಕೆರೆಯ ನಡುವೆ ಇಳಿಯಿತು. ಎಣಿಕೆಯ ಫಿಲ್ಮು ಬಲೂನಿಗೆ ಕಟ್ಟಿದ ಪೆಟ್ಟಿಗೆಯೊಳಗೇ ಇರುತ್ತದೆ. ಯಾರಾದರೂ ಹೋಗಿ ತರಬೇಕು. ನಮ್ಮಲ್ಲಿ ಕೆಲಸಕ್ಕಿದ್ದ ಊರಿನವನೇ ಆದ ಮೋಸೆಸ್ ಬೀರ್ಡಿ ಹೋದ. ಕಾಲಡಿಯ ಮಂಜುಗಡ್ಡೆ ಬಿರಿದಾಗ ಪೆಟ್ಟಿಗೆಯನ್ನು ಗಟ್ಟಿ ಜಾಗಕ್ಕೆ ನೂಕಿ, ತಾನು ಮುಳುಗಿದ. ಪೆಟ್ಟಿಗೆಗೆ ಒಂದು ಹನಿ ನೀರೂ ತಾಗಿರಲಿಲ್ಲ.

ಪೆಟ್ಟಿಗೆಗೆ ಎರಡು ಕಣ್ಣು: ಒಂದು ಬೆಳಕಿನ ಕಡೆಗೆ, ಒಂದು ಬರಿಯ ಕತ್ತಲಿನ ಕಡೆಗೆ. ಸೆಪ್ಟೆಂಬರ್‌ನ ಹಾರಾಟದಲ್ಲಿ ಬೆಳಕಿನ ಕಣ್ಣು ಎಣಿಸಿದ್ದರ ಐದರಲ್ಲೊಂದು ಪಾಲನ್ನು ಕತ್ತಲಿನ ಕಣ್ಣೂ ಎಣಿಸಿತ್ತು. ಕಣ್ಣಿಗೆ ಕಾಣದ ಹೊಸ ಬೆಳಕೊಂದಿದೆ ಎಂದು ತಂಡದ ಮುಖ್ಯಸ್ಥರಾದ ಪ್ರೊಫೆಸರ್ ಲುಂಡ್ ಹಿಗ್ಗಿದರು. ಖಚಿತಪಡಿಸಿಕೊಳ್ಳಲೆಂದೇ ಈ ಎರಡನೆಯ ಹಾರಾಟ. ಇದೂ ಅಷ್ಟೇ ತೋರಿಸಿತು. ಆ ಬೆಳಕಿಗೆ ಮೋಸೆಸ್‌ನ ಹೆಸರಿಡುತ್ತೇವೆ ಎಂದು ಅವರು ಅವನ ಹೆಂಡತಿ ರೋಸಲಿಗೆ ಕಾಗದ ಬರೆದರು. ಚರ್ಚಿನ ಭಾನುವಾರದ ಪ್ರಾರ್ಥನೆಯಲ್ಲಿ ಆಕೆ ಅದನ್ನು ಎಲ್ಲರೆದುರು ಓದಿಸಿದಳು.

ಲೆಕ್ಕ ನನ್ನ ಕೆಲಸ. ಬಲೂನಿನ ಮೇಲೂ ಒಂದಿಷ್ಟು ಗಾಳಿ ಉಳಿದಿರುತ್ತದೆ. ಕಿರಣಗಳು ಅದಕ್ಕೆ ಬಡಿದು ದಿಕ್ಕು ತಪ್ಪಿದರೆ ಎಷ್ಟು ಪಾಲು ಕತ್ತಲಿನ ಕಣ್ಣಿಗೆ ಬೀಳುತ್ತದೆ? ಆರು ದಿನ ಲೆಕ್ಕದ ಯಂತ್ರದ ಹಿಡಿಕೆ ತಿರುಗಿಸಿದೆ. ಐದರಲ್ಲೊಂದು.

"ಹೊಸ ಬೆಳಕಲ್ಲ ಸರ್. ಗಾಳಿ ಚದುರಿಸಿದ್ದು," ಎಂದೆ.

ಲುಂಡ್ ಲೆಕ್ಕದ ಹಾಳೆ ಓದಿ, ಮಡಚಿ ನನಗೇ ವಾಪಸ್ ಕೊಟ್ಟರು. "ಆಕೆಗೆ ನೀನೇ ಹೇಳಪ್ಪ, ಟೀಸೆನ್. ಕೀರ್ತನೆಗಳೆಲ್ಲ ಬಾಯಿಪಾಠ ಇರೋನು ನೀನು."

ಮಧ್ಯಾಹ್ನ ಹೋದೆ. ರೋಸಲಿ ಚಹಾ ಬಗ್ಗಿಸುತ್ತ, "ನಿಮ್ಮ ದೊಡ್ಡೋರು ಬರಲಿಲ್ವಾ? ಕಾಗದ ಬರೆಯೋಕೆ ಕೈ ಬರುತ್ತೆ, ಇಲ್ಲೀತನಕ ಕಾಲು ಬರಲ್ಲ," ಎಂದಳು.

ಹೇಳಿದೆ.

"ಅಂದ್ರೆ ಬಂಡೆಗೆ ತಾಗಿ ವಾಪಸ್ ಬರೋ ಕೂಗಿನ ಹಾಗೆ. ಕೂಗಿದೋನು ಒಬ್ಬನೇ."

"ಹೌದಕ್ಕ."

"ಈ ಲೆಕ್ಕಕ್ಕೆ ಆ ಪೆಟ್ಟಿಗೆ ಬೇಕಿತ್ತಾ?"

ಅಪ್ಪ ದಿನವೂ ಊಟದ ಮೇಜಿನಲ್ಲಿ ಹೇಳಿಸುತ್ತಿದ್ದ ಕೀರ್ತನೆಯ ಸಾಲುಗಳೆಲ್ಲ ನಾಲಿಗೆಗೆ ಬಂದವು. ಅವನ್ನು ಬದಿಗಿಟ್ಟೆ.

"ಬೇಕಿರಲಿಲ್ಲ. ಸೆಪ್ಟೆಂಬರ್‌ನಲ್ಲೇ ಮಾಡಬಹುದಿತ್ತು."

"ಮತ್ತೆ?"

"ನಾವು ಮೊದಲು ಹಾರಿಸ್ತೀವಿ, ಅಕ್ಕ. ಲೆಕ್ಕ ಆಮೇಲೆ."

ಆಕೆ ಬೈಬಲ್ಲಿನೊಳಗಿದ್ದ ಕಾಗದ ತೆಗೆದು ನನ್ನ ಕೈಗಿಟ್ಟಳು.

"ಭಾನುವಾರ ಬಾ. ಇದನ್ನ ಓದಿಸಿದ ಜಾಗದಲ್ಲೇ ನಿಂತು ಎಲ್ಲ ಹೇಳು. ಕೊನೇದನ್ನ, ಆ ಪೆಟ್ಟಿಗೆ ಬೇಕೇ ಇರಲಿಲ್ಲ ಅನ್ನೋದನ್ನ, ಬಿಡಬೇಡ."

ಭಾನುವಾರದ ಹೊತ್ತಿಗೆ ಕೆರೆ ಪೂರ್ತಿ ಹೆಪ್ಪುಗಟ್ಟಿತ್ತು. ಮೋಸೆಸ್‌ನ ದೇಹಕ್ಕಾಗಿ ಇನ್ನು ಮಂಜುಗಡ್ಡೆ ಕರಗುವ ಜೂನ್‌ವರೆಗೆ ಕಾಯಬೇಕು. ನಾನು ಎದ್ದು ನಿಂತು, ಕೊನೆಯದನ್ನೇ ಮೊದಲು ಹೇಳಿದೆ.