ಮೂರನೇ ಸಾಲಿನ ಆಚೆ

'ನನ್ನ ದನಿ ಮೂರನೇ ಸಾಲು ದಾಟುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ.'

ಇಷ್ಟು ಬರೆದು ಸೈಮಿ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದು, 'ಯಾರಿಗೂ' ಎಂಬುದರ ಕೆಳಗೊಂದು ಗೆರೆ ಎಳೆದಳು. ಏಪ್ರಿಲ್ ತಿಂಗಳ ಶನಿವಾರ, ಮಧ್ಯಾಹ್ನ. ಕಿಟಕಿಯಾಚೆ ಸರೋವರದ ಮೇಲಿನ ಮಂಜುಗಡ್ಡೆ ಆಗಾಗ ನರಳುತ್ತಿತ್ತು, ದೊಡ್ಡದೊಂದು ಪ್ರಾಣಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಇನ್ನು ಹತ್ತು ದಿನಕ್ಕೆ ಅದು ಒಡೆದು ನೀರಾಗುತ್ತದೆ. ಥಂಡರ್ ಬೇ ಊರಿನಿಂದಾಚೆ ದಂಡೆಯಲ್ಲಿ ಮನೆ ಇರುವವರಿಗೆಲ್ಲ ಈ ಸದ್ದು ಕೇಳಿಯೇ ಚಳಿಗಾಲ ಮುಗಿಯುವುದು ಗೊತ್ತಾಗುವುದು.

ದಿನಚರಿಯ ಹಿಂದಿನ ಹಾಳೆಯಲ್ಲಿ ಅವಳು ಆ ಪತ್ರದ ಸಾಲುಗಳನ್ನು ತನ್ನ ಕೈಯಲ್ಲೇ ನಕಲು ಮಾಡಿ ಇಟ್ಟುಕೊಂಡಿದ್ದಳು. ಕಂಪ್ಯೂಟರಿನಲ್ಲಿ ಓದಿದರೆ ಅದು ಬೇರೆ ಯಾರಿಗೋ ಬಂದ ಪತ್ರ ಅನ್ನಿಸುತ್ತಿತ್ತು. ಜಪಾನಿನ ಒಂದು ಪುಟ್ಟ ದ್ವೀಪ. ಒಂದು ಪ್ರಾಥಮಿಕ ಶಾಲೆ. ನಲವತ್ತೊಂದು ಮಕ್ಕಳು. ಜುಲೈ ಕೊನೆಗೆ ಬಂದು, ಒಂದು ವರ್ಷ ಅವರಿಗೆ ಇಂಗ್ಲಿಷ್ ಹೇಳಿಕೊಡಬೇಕು. ಒಪ್ಪಿಗೆಯೋ ಅಲ್ಲವೋ, ಸೋಮವಾರದೊಳಗೆ ತಿಳಿಸಬೇಕು.

ಅರ್ಜಿ ಹಾಕಿದವಳು ಅವಳೇ. ಸಂದರ್ಶನಕ್ಕೆ ಹೋದವಳೂ ಅವಳೇ. ಅಲ್ಲಿ ಮೂರೇ ಜನ, ನಡುವೆ ಒಂದು ಸಣ್ಣ ಮೇಜು. ಅವರು ಮಕ್ಕಳಂತೆ ನಟಿಸಿದರು, ಇವಳು ಪಾಠ ಮಾಡಿದಳು, ಎಲ್ಲರೂ ನಕ್ಕರು. ಮೇಜಿನಾಚೆಗೆ ಕೇಳುವಷ್ಟು ದನಿ ಸೈಮಿಗೆ ಇದ್ದೇ ಇತ್ತು.

ಆದರೆ ಅದಕ್ಕೆ ಮೊದಲಿನ ಶರತ್ಕಾಲದಲ್ಲಿ ನಡೆದದ್ದೇ ಬೇರೆ. ಡಿಗ್ರಿಯ ಕೊನೆಯ ವರ್ಷ ಅಭ್ಯಾಸಕ್ಕೆಂದು ಒಂದು ಶಾಲೆಯ ಐದನೇ ತರಗತಿಗೆ ಅವಳನ್ನು ಕಳಿಸಿದ್ದರು. ಅವಳು ಪುಸ್ತಕ ತೆರೆದು ಓದತೊಡಗಿದಳು. ಒಂದು ಪುಟ ಮುಗಿಸಿ ತಲೆಯೆತ್ತಿದಾಗ, ಮೂರನೇ ಸಾಲಿನ ಹಿಂದೆ ಕೂತಿದ್ದ ಜಡೆಯ ಹುಡುಗಿಯೊಬ್ಬಳು ತುಂಬ ಮರ್ಯಾದೆಯಿಂದ ಕೈಯೆತ್ತಿ ಕೇಳಿದಳು: "ಟೀಚರ್, ಶುರು ಮಾಡಿದ್ರಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಗಂಟೆ ಹೊಡೆಯುವವರೆಗೂ ಸೈಮಿಯ ಗಂಟಲಿನಿಂದ ಏನೂ ಹೊರಡಲಿಲ್ಲ; ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟು ಕಿಟಕಿಯ ಹತ್ತಿರ ನಿಂತುಬಿಟ್ಟಳು. ಮನೆಗೆ ಬಂದಾಗ ಅಮ್ಮ, "ಹೇಗಾಯ್ತು?" ಎಂದು ಕೇಳಿದಳು. ಸೈಮಿ ಬೂಟಿನ ಲಾಡಿ ಬಿಚ್ಚುತ್ತಾ ಇದ್ದಳು. ಅಮ್ಮ ಮತ್ತೆ ಕೇಳಲಿಲ್ಲ.

ಆ ಮನೆಯಲ್ಲಿ ಯಾವ ಪ್ರಶ್ನೆಯನ್ನೂ ಎರಡು ಸಲ ಕೇಳುವ ಪದ್ಧತಿ ಇಲ್ಲ. ಫಿನ್‌ಲೆಂಡಿನಿಂದ ಬಂದು ಈ ದಂಡೆಯಲ್ಲಿ ನೆಲೆಸಿದವರ ಮನೆಗಳೇ ಹಾಗೆ. ಒಮ್ಮೆ ಕೇಳುತ್ತಾರೆ. ಬೇಡವಾದರೆ ಬೇಡ ಅನ್ನಬೇಕು. ಸುಮ್ಮನಿದ್ದರೆ ಆಗಲಿ ಎಂದೇ ಲೆಕ್ಕ. ಎರಡನೇ ಸಲ ಕೇಳುವುದೆಂದರೆ ಇನ್ನೊಬ್ಬರ ಮನಸ್ಸಿನ ಬಾಗಿಲನ್ನು ಕಾಲಿನಿಂದ ಒದ್ದ ಹಾಗೆ. ಅಪ್ಪ ಅಮ್ಮನನ್ನು, "ಮದುವೆ ಆಗೋಣವಾ?" ಎಂದು ಕೇಳಿದ್ದೂ ಒಂದೇ ಸಲವಂತೆ. ಅಮ್ಮ ಏನೂ ಹೇಳದೆ ಅವನ ಕೈಗವಸಿನ ತೂತನ್ನು ಹೊಲಿದುಕೊಟ್ಟಳಂತೆ. ಆ ಮದುವೆಗೆ ಈಗ ಇಪ್ಪತ್ತೇಳು ವರ್ಷ.

ಹೋದ ಭಾನುವಾರ ಕಾಫಿಯ ಹೊತ್ತಿನಲ್ಲಿ ಸೈಮಿ, "ಆ ಜಪಾನಿನ ಕೆಲಸ ಸಿಕ್ಕಿದೆ," ಎಂದಿದ್ದಳು.

"ಹೋಗ್ತೀಯಾ?" ಎಂದಳು ಅಮ್ಮ.

ಸೈಮಿ ಬಟ್ಟಲಿನೊಳಗೆ ನೋಡಿದಳು. ಕಾಫಿಯ ಮೇಲೆ ಕಿಟಕಿಯ ಬೆಳಕು ಒಂದು ಸಣ್ಣ ದ್ವೀಪದ ಹಾಗೆ ತೇಲುತ್ತಿತ್ತು. ಅದನ್ನು ನೋಡುತ್ತಾ ಅವಳು ಎಲ್ಲೋ ಹೋಗಿಬಿಟ್ಟಳು. ಮರಳಿ ಬರುವಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿತ್ತು. ಸೋಮವಾರ ಅಪ್ಪ ಅಟ್ಟದಿಂದ ಕಂದು ಬಣ್ಣದ ಪ್ರಯಾಣದ ಪೆಟ್ಟಿಗೆ ಇಳಿಸಿ ಅದರ ಬೀಗಕ್ಕೆ ಎಣ್ಣೆ ಬಿಟ್ಟ. ಮಂಗಳವಾರ ಅಮ್ಮನ ಅಕ್ಕ ಹಿಲ್ಕಾ ದೊಡ್ಡಮ್ಮ ಉಣ್ಣೆಯ ಕಾಲುಚೀಲ ಹೆಣೆಯತೊಡಗಿದಳು. ಗುರುವಾರದ ಹೊತ್ತಿಗೆ ಚರ್ಚಿನ ಹೆಂಗಸರು ಬೀಳ್ಕೊಡುಗೆಯ ಕೇಕಿನಲ್ಲಿ ಏನೇನು ಹಾಕಬೇಕೆಂದು ಮಾತಾಡಿಕೊಳ್ಳುತ್ತಿದ್ದರು. ಸೈಮಿ ಮಾತ್ರ ಇನ್ನೂ ಆ ಪತ್ರಕ್ಕೆ ಉತ್ತರ ಬರೆದಿರಲಿಲ್ಲ.

ಬರೆಯುವುದೇನು? ವಾರವಿಡೀ ಅವಳಿಗೆ ಒಂದೇ ಕನಸು, ಎಚ್ಚರದಲ್ಲೂ. ಬಾಗಿಲ ಬಳಿ ನಲವತ್ತೊಂದು ಜೊತೆ ಪುಟ್ಟ ಪಾದರಕ್ಷೆಗಳು ಸಾಲಾಗಿವೆ. ಅವಳೂ ತನ್ನ ಬೂಟು ಬಿಚ್ಚಿ ಪಕ್ಕದಲ್ಲಿಟ್ಟು ಒಳಗೆ ನಡೆಯುತ್ತಾಳೆ. ಉದ್ದನೆಯ ಮರದ ನೆಲ, ಕಿಟಕಿಗಳ ತುಂಬ ಸಮುದ್ರ. ಮಕ್ಕಳು ಎದ್ದು ನಿಲ್ಲುತ್ತಾರೆ. ಅವಳು ಬಾಯಿ ತೆರೆಯುತ್ತಾಳೆ. ಬಾಯಿಂದ ಹಿಮ ಸುರಿಯತೊಡಗುತ್ತದೆ, ಮೆತ್ತಗೆ, ಸದ್ದಿಲ್ಲದೆ. ಮಕ್ಕಳ ತಲೆ, ಪುಸ್ತಕ, ಎತ್ತಿದ ಕೈಗಳ ಮೇಲೆಲ್ಲ ಅದು ಬೀಳುತ್ತಲೇ ಇರುತ್ತದೆ. ವಿಚಿತ್ರವೆಂದರೆ ಆ ಕನಸಿನಲ್ಲಿ ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಅಲ್ಲೇ ಇರಬೇಕು ಅನ್ನಿಸುತ್ತಿತ್ತು. ಇದನ್ನೂ ಅವಳು ದಿನಚರಿಯಲ್ಲಿ ಬರೆದು, ಆಮೇಲೆ ಹೊಡೆದುಹಾಕಿದ್ದಳು.

"ಸೈಮೀ! ಸೌನಾ ಕಾದಿದೆ, ಬಾ!" ಕೆಳಗಿನಿಂದ ದೊಡ್ಡಮ್ಮ ಕೂಗಿದಳು.

ಶನಿವಾರದ ಸೌನಾ ತಪ್ಪುವಂತಿಲ್ಲ. ಮನೆಗೂ ಸರೋವರಕ್ಕೂ ನಡುವೆ ಹಬೆಸ್ನಾನಕ್ಕೆಂದು ದಿಮ್ಮಿಗಳಲ್ಲಿ ಕಟ್ಟಿದ ಪುಟ್ಟ ಗುಡಿಸಲು; ಒಳಗೆ ಒಲೆ, ಒಲೆಯ ಮೇಲೆ ಕಾದ ಕಲ್ಲುಗಳು, ಮೆಟ್ಟಿಲಿನಂತೆ ಒಂದರ ಮೇಲೊಂದು ಮೂರು ಬೆಂಚು. ಮೊದಲು ಹೆಂಗಸರ ಸರದಿ. ಅಲ್ಲಿಯವರೆಗೆ ಅಪ್ಪ ಹೊರಗೆ ಕಟ್ಟಿಗೆ ಸೀಳುತ್ತಾನೆ. ಒಳಗೆ ಯಾರೂ ದನಿ ಎತ್ತುವ ಹಾಗಿಲ್ಲ, ಜಗಳ ಆಡುವ ಹಾಗಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು: ಚರ್ಚಿನಲ್ಲಿ ಹೇಗೋ ಸೌನಾದಲ್ಲೂ ಹಾಗೆ.

ಎಲ್ಲಕ್ಕಿಂತ ಮೇಲಿನ ಬೆಂಚಿನಲ್ಲಿ, ಬಿಸಿ ಹೆಚ್ಚಿರುವ ಜಾಗದಲ್ಲಿ, ಮುಮ್ಮೊ ಕೂತಿದ್ದಳು. ಮುಮ್ಮೊ ಎಂದರೆ ಅಮ್ಮನ ಅಮ್ಮ. ಎಂಬತ್ತಾರು ವರ್ಷ, ಬಿಳಿ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಹಿಡಿ ಮೂಳೆ. ನಡುವಿನ ಬೆಂಚಿನಲ್ಲಿ ಅಮ್ಮ, ಕೆಳಗಿನದರಲ್ಲಿ ದೊಡ್ಡಮ್ಮ. ಕಿರಿಯವಳಾದ ಸೈಮಿಗೆ ಒಲೆಯ ಪಕ್ಕದ ಜಾಗ. ಕಲ್ಲಿಗೆ ನೀರು ಹಾಕುವ ಸೌಟು ಅವಳ ಕೈಯಲ್ಲಿ.

"ನಿಲ್ಲು ನಿಲ್ಲು, ಹಾಗೇ ನಿಂತಿರು," ಎಂದಳು ದೊಡ್ಡಮ್ಮ. "ಥೇಟ್ ಟೀಚರಮ್ಮ! ಕೈಯಲ್ಲಿ ಕೋಲೂ ಇದೆ. ನಾವೆಲ್ಲ ಜಪಾನಿನ ಮಕ್ಕಳು. ಎಲ್ಲಿ, ಒಂದು ಪಾಠ ಮಾಡು."

"ಇಲ್ಲಿ ಬೇಡ ದೊಡ್ಡಮ್ಮ."

"ಇಲ್ಲಲ್ದೆ ಇನ್ನೆಲ್ಲಿ? ಮೂರು ಸಾಲು ಬೆಂಚಿದೆ. ಮಕ್ಕಳು ಸ್ನಾನಕ್ಕೆ ಕೂತಿದಾರೆ, ಓಡಿಹೋಗೋ ಭಯ ಇಲ್ಲ. ಇಂಥಾ ಕ್ಲಾಸು ದುಡ್ಡು ಕೊಟ್ರೂ ಸಿಗಲ್ಲ."

"ಈ ಮೊದಲನೇ ಸಾಲಿನ ಮಗೂಗೆ ಅರವತ್ತೆರಡು ವರ್ಷ," ಎಂದಳು ಅಮ್ಮ. "ಫೇಲಾಗಿ ಫೇಲಾಗಿ ಇಲ್ಲೇ ಉಳ್ಕೊಂಡಿದೆ."

"ನೋಡಿ ಟೀಚರ್, ಹಿಂದಿನ ಹುಡುಗಿ ಚಾಡಿ ಹೇಳ್ತಾಳೆ!"

ಅಮ್ಮ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕಳು. ಸೈಮಿಗೂ ನಗು ಬಂತು. ಸೌಟನ್ನು ಮೇಲೆತ್ತಿ ಹಿಡಿದು, "ಇದು ಸೌಟು," ಎಂದಳು. "ಇದು ಏನು?"

"ಇದು ಮೀನು, ಟೀಚರ್!"

"ಅಲ್ಲ. ಇದು... ಇದು ಸೌಟು. ಇದರಲ್ಲಿ ನಾವು..."

ನಗು ಅಲ್ಲಿಗೇ ನಿಂತಿತು. ಮೂರು ಮುಖಗಳು ಅವಳನ್ನೇ ನೋಡುತ್ತಿದ್ದವು. ಮಾತು ತುಟಿಯವರೆಗೆ ಬಂದು, ಅಲ್ಲೇ ಕರಗಿತು. ದೊಡ್ಡಮ್ಮ ಏನೂ ತಿಳಿಯದೆ, ಆಟದ ಗುಂಗಿನಲ್ಲೇ, ಒದ್ದೆ ಕೈ ಎತ್ತಿ ಕೇಳಿದಳು:

"ಟೀಚರ್, ಶುರು ಮಾಡಿದ್ರಾ?"

ಸೌಟು ಬಕೆಟ್ಟಿಗೆ ಬಿತ್ತು. ಬೀಳಿಸಿದ್ದಲ್ಲ, ತಾನಾಗಿ ಜಾರಿತು. ಹೊರಗೆ ಅಪ್ಪನ ಕೊಡಲಿ ಒಂದೇ ಲಯದಲ್ಲಿ ಬೀಳುತ್ತಿತ್ತು: ಠಕ್. ಠಕ್.

"ನೀರು ಹಾಕು," ಎಂದಳು ಮುಮ್ಮೊ ಮೇಲಿನಿಂದ.

ಸೈಮಿ ಸೌಟನ್ನು ಹುಡುಕಿ ಎತ್ತಿ ನೀರು ಹಾಕಿದಳು. ಕಲ್ಲುಗಳು ಬುಸುಗುಟ್ಟಿದವು. ಹಬೆ ಸೂರಿನವರೆಗೆ ಎದ್ದು, ಅಲ್ಲಿಂದ ಬಗ್ಗಿ, ಎಲ್ಲರ ಮೇಲೂ ಇಳಿಯಿತು. ಮೊದಲು ಮುಮ್ಮೊ ಕಾಣದಾದಳು, ಆಮೇಲೆ ಅಮ್ಮ, ಕೊನೆಗೆ ದೊಡ್ಡಮ್ಮನ ಎತ್ತಿದ ಕೈ. ಒಳಗೆಲ್ಲ ಬಿಳುಪು. ಬೆಂಚುಗಳ ಮೇಲೆ ಯಾರೋ ಕೂತಿದ್ದಾರೆ ಎಂಬಷ್ಟೇ ಗೊತ್ತಾಗುತ್ತಿತ್ತು. ಅವರು ಯಾರು ಬೇಕಾದರೂ ಆಗಿರಬಹುದು. ನೆಲದ ಮೇಲೆ ಬರಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಒಂದು ಗಳಿಗೆ ಸೈಮಿಗೆ ಅವು ಪುಟ್ಟವಾಗಿ ಕಂಡವು, ನಲವತ್ತೊಂದು ಜೊತೆ ಇದ್ದಂತೆ ಕಂಡವು. ದೂರದಲ್ಲಿ ಮಂಜುಗಡ್ಡೆ ನರಳಿತು. ಅದು ಸಮುದ್ರವೇ ಇರಬೇಕು ಅನ್ನಿಸಿತು.

"ಸೈಮಿ," ಬಿಳುಪಿನೊಳಗಿಂದ ಮುಮ್ಮೊಳ ದನಿ. "ಹೋಗ್ತೀಯಾ?"

ನಡುವಿನ ಬೆಂಚಿನಿಂದ ಅಮ್ಮ ಹೇಳಿದಳು: "ಅಮ್ಮಾ, ಅದನ್ನ ಕೇಳಿ ಆಗಿದೆ. ಹೋದ ಭಾನುವಾರವೇ."

"ಕೇಳಿದ್ದು ನೀನು, ಕೈಸಾ. ಉತ್ತರ ಕೊಟ್ಕೊಂಡಿದ್ದೂ ನೀನೇ," ಎಂದಳು ಮುಮ್ಮೊ ಮಗಳಿಗೆ.

"ಅವಳು ಬೇಡ ಅನ್ಲಿಲ್ವಲ್ಲ!"

"ಹೂಂ ಅಂತಲೂ ಅನ್ಲಿಲ್ಲ. ಒಂದು ವಾರದಿಂದ ನೋಡ್ತಿದೀನಿ. ಆ ಪೆಟ್ಟಿಗೆ ಪಕ್ಕ ಹೋಗುವಾಗ ಮಗು ಗೋಡೆಗೆ ಅಂಟ್ಕೊಂಡು ನಡೀತಾಳೆ, ಅದು ಕಚ್ಚತ್ತೇನೋ ಅನ್ನೋ ಹಾಗೆ." ಮುಮ್ಮೊ ಕೆಮ್ಮಿದಳು. "ಎರಡನೇ ಸಲ ಕೇಳಬಾರದು, ಗೊತ್ತು. ನನಗೆ ವಯಸ್ಸಾಯ್ತು, ಮರೆವು ಅಂತ ತಿಳ್ಕೊಳ್ಳಿ. ಹೋಗ್ತೀಯಾ, ಸೈಮಿ?"

ಸೈಮಿ ಬಾಯಿ ತೆರೆದಳು. ಹೇಳಬೇಕಾದದ್ದು ಎರಡು ಮೂರು ಮಾತು, ಅಷ್ಟೇ. ಅವು ಎದೆಯಲ್ಲಿ ಸ್ಪಷ್ಟವಾಗಿ, ಬರೆದಿಟ್ಟ ಹಾಗೆ ಇದ್ದವು. ಆದರೆ ಹಬೆಯ ಹೊರತು ಬಾಯಿಂದ ಏನೂ ಹೊರಡಲಿಲ್ಲ.

ಅಮ್ಮ ದೊಡ್ಡದೊಂದು ಉಸಿರು ಬಿಟ್ಟಳು. ಆಮೇಲೆ ಅವಳ ದನಿ ತುಂಬ ಮೆತ್ತಗಾಗಿತ್ತು.

"ಓ. ಹಾಗಾ." ಬೆಂಚು ಕಿರುಗುಟ್ಟಿತು. "ಬಿಡು ಮರಿ, ಬಿಡು. ನಾನೇ ಆತುರ ಬಿದ್ದೆ. ನೀನು ಸುಮ್ನಿದ್ದಿದ್ದಕ್ಕೆ ನಾನೇ ಏನೋ ಅರ್ಥ ಕಟ್ಕೊಂಡೆ. ಬೇಡದಿದ್ರೆ ಬೇಡ. ನಾಳೆ ಅಪ್ಪನಿಗೆ ಹೇಳಿ ಪೆಟ್ಟಿಗೆನ ಅಟ್ಟಕ್ಕೆ ಹಾಕಿಸ್ತೀನಿ."

"ಹೌದು, ಅದಕ್ಕೇನಂತೆ," ಎಂದಳು ದೊಡ್ಡಮ್ಮ. ಅವಳ ದನಿಯಲ್ಲಿ ಆಟವಿರಲಿಲ್ಲ. "ಕಾಲುಚೀಲ ಇಲ್ಲೂ ಬೇಕಾಗತ್ತೆ. ಚರ್ಚಿನವರಿಗೆ ನಾನು ಹೇಳ್ಕೋತೀನಿ. ಯಾಕೆ ಅಂತ ಒಬ್ಬಳಾದ್ರೂ ಕೇಳ್ಲಿ, ನೋಡ್ತೀನಿ! ಕೇಕು ಹೇಗೂ ತಿನ್ನೋಣ, ಯಾವುದಾದ್ರೂ ಹುಟ್ಟಿದ ಹಬ್ಬ ಸಿಗತ್ತೆ."

ಅಷ್ಟೇ. ಎಷ್ಟು ಸುಲಭ. ಕಾಫಿ ಬಟ್ಟಲುಗಳನ್ನು ಮೇಜಿನಿಂದ ಎತ್ತಿಟ್ಟ ಹಾಗೆ, ಇಬ್ಬರೂ ಸೇರಿ ಒಂದು ನಿಮಿಷದಲ್ಲಿ ಎಲ್ಲವನ್ನೂ ಎತ್ತಿಟ್ಟುಬಿಟ್ಟರು. ಸೋಮವಾರ ಬೇಡವೆಂದು ಒಂದು ಸಾಲು ಬರೆದರೆ ಸಾಕು. ಯಾರೂ ಕೈಯೆತ್ತಿ ಏನೂ ಕೇಳುವುದಿಲ್ಲ. ಈ ಹಗುರಕ್ಕಾಗಿಯೇ ಅಲ್ಲವೇ ವಾರವಿಡೀ ಕಾದದ್ದು? ಸೈಮಿ ಆ ಹಗುರ ಬರಲೆಂದು ಕಣ್ಣು ಮುಚ್ಚಿ ನಿಂತಳು.

ಕಣ್ಣ ಮುಂದೆ ಬಂದದ್ದು ಅಟ್ಟ. ಕತ್ತಲಲ್ಲಿ ಕ್ರಿಸ್‌ಮಸ್ ನಕ್ಷತ್ರಗಳ ಡಬ್ಬಿಯ ಪಕ್ಕ ಆ ಕಂದು ಪೆಟ್ಟಿಗೆ. ಅದರೊಳಗೆ ಉದ್ದನೆಯ ಮರದ ನೆಲ, ಕಿಟಕಿಗಳ ತುಂಬ ಸಮುದ್ರ. ಬಾಗಿಲ ಬಳಿ ಸಾಲು ಸಾಲು ಪಾದರಕ್ಷೆ, ಕೊನೆಗೊಂದು ಜೊತೆ ಬೂಟಿನಷ್ಟು ಜಾಗ ಖಾಲಿ. ಎದ್ದು ನಿಂತ ಮಕ್ಕಳು ಬಾಗಿಲ ಕಡೆ ನೋಡುತ್ತಿದ್ದಾರೆ. ಅವರಿಗೂ ಒಂದೇ ಸಲ ಕೇಳುವುದು ಗೊತ್ತು. ಕೇಳಿ ಆಗಿದೆ. ಸ್ವಲ್ಪ ಹೊತ್ತು ಕಾದು, ಒಬ್ಬೊಬ್ಬರಾಗಿ ಕೂತುಕೊಳ್ಳುತ್ತಾರೆ. ಯಾರೋ ಮುಚ್ಚಳ ಹಾಕುತ್ತಾರೆ.

ಹಬೆ ಇಳಿಯತೊಡಗಿತ್ತು. ಅಮ್ಮನ ಮುಖ ನಿಧಾನವಾಗಿ ಮೂಡಿತು. ಅದು ಬೆವರಿಗೋ ಇನ್ನೇತಕ್ಕೋ ಒದ್ದೆಯಾಗಿತ್ತು. ಮುಮ್ಮೊ ಕಣ್ಣು ಮುಚ್ಚಿ ಗೋಡೆಗೊರಗಿದ್ದಳು. ತನ್ನ ಪಾಲಿನ ಕೆಲಸ ಮುಗಿಯಿತು ಎಂಬಂತೆ. ಅವಳು ಮೂರನೇ ಸಲ ಕೇಳುವವಳಲ್ಲ.

"ನಡಿ, ನಿಮ್ಮಪ್ಪನ ಸರದಿ ಬಂತು," ಎಂದು ಅಮ್ಮ ಎದ್ದಳು. "ಪಾಪ, ಚಳೀಲಿ ನಿಂತಿದಾನೆ. ಪೆಟ್ಟಿಗೆ ವಿಷಯ ಈಗ್ಲೇ ಹೇಳ್ಬಿಡ್ತೀನಿ."

ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು.

"ಬೇಡಮ್ಮಾ!"

ಕೂಗಿದ್ದು ಯಾರೆಂದು ಸೈಮಿಗೇ ಗೊತ್ತಾಗಲಿಲ್ಲ. ದಿಮ್ಮಿಗಳ ಗೋಡೆಗೆ ಬಡಿದು ಆ ಸದ್ದು ವಾಪಸು ಬಂದಾಗ, ಅದರಲ್ಲಿ ತನ್ನ ಗಂಟಲಿನ ಉರಿಯನ್ನು ಗುರುತು ಹಿಡಿದಳು. ದೊಡ್ಡಮ್ಮ ಬೆಚ್ಚಿ ಟವೆಲ್ ಎದೆಗೆ ಒತ್ತಿಕೊಂಡಳು. ಮೇಲಿನ ಬೆಂಚಿನಲ್ಲಿ ಮುಮ್ಮೊ ಕಣ್ಣು ತೆರೆದಳು. ಹೊರಗೆ ಕೊಡಲಿಯ ಸದ್ದು ನಿಂತಿತು.

ಅಮ್ಮ ಹಿಡಿಯ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ತಿರುಗಿ ನೋಡಿದಳು. ಏನೂ ಕೇಳಲಿಲ್ಲ. ಕೇಳದೆ, ಕಾದಳು.

ಸೈಮಿ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೊದಲು ದೊಡ್ಡಮ್ಮನನ್ನು ನೋಡಿದಳು, ಆಮೇಲೆ ಅಮ್ಮನನ್ನು, ಆಮೇಲೆ ಎಲ್ಲರಿಗಿಂತ ಮೇಲೆ, ಮೂರನೇ ಸಾಲಿನಲ್ಲಿ ಕೂತಿದ್ದ ಮುಮ್ಮೊಳನ್ನು. ಅವಳಾಚೆ ಗೋಡೆ, ಗೋಡೆಯಾಚೆ ಅಪ್ಪ.

"ನನಗೆ ತುಂಬಾ ಹೆದರಿಕೆ ಆಗ್ತಿದೆ," ಎಂದಳು, ಎಲ್ಲರಿಗೂ ಕೇಳುವಂತೆ. "ಆದ್ರೂ ನನಗೆ ಹೋಗ್ಬೇಕು."